ತೊಟ್ಟವರ ಕಡೆಯಿಂದ

ಇಂಟರ್‌ವಲ್ ಮುಗಿದು ಹತ್ತು ನಿಮಿಷ ಆಗಿರಲಿಲ್ಲ, ಮೊದಲನೆಯವನ ಕೈ ಹೋಯಿತು.

ಐಸ್ ಫ್ಯಾಕ್ಟರಿಯಲ್ಲಿ ಕೂಲಿ ಮಾಡುವ ಒಬ್ಬ ಅಣ್ಣ. ಅವನ ತಂಗಿಯನ್ನು ನಾಲ್ಕು ಜನ ಹಾಡಹಗಲೇ ಬೀದಿಯಲ್ಲಿ ಎಳೆದುಕೊಂಡು ಹೋಗಿದ್ದಾರೆ. ಮಂಜುಗಡ್ಡೆ ಕೊಯ್ಯುವ ಗರಗಸವನ್ನೇ ಹಿಡಿದು ಅವನು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೊರಟಿದ್ದಾನೆ. ಸಿನಿಮಾ ಕೊರಿಯಾದ್ದು, ಬಾಯಿಗೆ ಮಾತ್ರ ತಮಿಳು ಅಂಟಿಸಿದ್ದರು. ರಕ್ತ ಮಂಜುಗಡ್ಡೆಯ ಮೇಲೆ ಹರಿದು, ಹರಿಯುತ್ತಿದ್ದಂತೆಯೇ ಗಟ್ಟಿಯಾಯಿತು. ತಿರುಪ್ಪೂರಿನ ಆ ಥಿಯೇಟರಿನಲ್ಲಿ ಕೂತಿದ್ದ ಹೆಂಗಸರು ಮುಖ ಮುಚ್ಚಿಕೊಂಡರು. ಗಂಡಸರು ಸಿಳ್ಳೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಹಾಕಿದವನು ಸೋಮಸುಂದರಂ.

ರಾಜಾಮಣಿ ಮುಖ ಮುಚ್ಚಿಕೊಳ್ಳಲಿಲ್ಲ. ಅವಳು ಬನಿಯನ್ ಕಂಪನಿಯ ಆರನೇ ಲೈನಿನಲ್ಲಿ ಚೆಕಿಂಗ್ ಕೆಲಸದವಳು. ಹದಿನೇಳು ವರ್ಷದಿಂದ ಟ್ಯೂಬ್‌ಲೈಟಿನ ಕೆಳಗೆ ನಿಂತು, ಹೊಲಿದು ಬಂದ ಟೀ ಶರ್ಟುಗಳನ್ನು ತಿರುಗಿಸಿ ಮುರುಗಿಸಿ ನೋಡಿದವಳು. ತಪ್ಪು ಕಂಡಲ್ಲಿ ಬೆರಳಿನ ಉಗುರಿನಷ್ಟು ಸಣ್ಣ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಬಾಣದ ಮೂತಿ ತಪ್ಪಿನ ಹತ್ತಿರ ಇದ್ದರೆ ಸಾಲದು, ತಪ್ಪನ್ನು ಮುಟ್ಟಬೇಕು. ಅವಳು ಪಾಸು ಮಾಡಿದ ಪೀಸು ಇವತ್ತಿನವರೆಗೂ ಬಯ್ಯರ್ ಕಡೆಯಿಂದ ವಾಪಸ್ ಬಂದಿರಲಿಲ್ಲ. ಅಂಥ ಕಣ್ಣಿಗೆ ಗರಗಸ ಯಾವ ಮಹಾ?

ಅವಳು ನೋಡುತ್ತಿದ್ದುದು ಬೇರೆ. ಸಿನಿಮಾದ ಶುರುವಿನಲ್ಲಿ, ಆ ನಾಲ್ವರು ಹುಡುಗಿಯನ್ನು ಎಳೆದೊಯ್ಯುವಾಗ, ಬೀದಿಯ ಮೇಲುಮನೆಯೊಂದರಲ್ಲಿ ಹೆಂಗಸೊಬ್ಬಳು ಕಿಟಕಿಯಿಂದ ಬಗ್ಗಿ ನೋಡುತ್ತಾಳೆ. ಕೈಯಲ್ಲಿ ಒದ್ದೆ ಬಟ್ಟೆ. ಹುಡುಗಿ ತಲೆ ಎತ್ತಿ ಅವಳನ್ನು ನೋಡುತ್ತಾಳೆ. ಹೆಂಗಸು ಕಿಟಕಿ ಮುಚ್ಚುತ್ತಾಳೆ. ಎರಡು ಸೆಕೆಂಡು, ಅಷ್ಟೇ. ಅಣ್ಣ ಅವಳ ಮನೆಗೆ ಯಾವಾಗ ಬರುತ್ತಾನೆ ಎಂದು ರಾಜಾಮಣಿ ಸಿನಿಮಾ ಮುಗಿಯುವವರೆಗೂ ಕಾದಳು. ಎರಡನೆಯವನು ಸತ್ತ, ಮೂರನೆಯವನು ಸತ್ತ, ನಾಲ್ಕನೆಯವನು ಐಸಿನ ಒಳಗೆ ನಿಂತಂತೆಯೇ ಹೆಪ್ಪುಗಟ್ಟಿದ. ಲೈಟು ಹಾಕಿದರು. ಕಿಟಕಿಯ ಹೆಂಗಸನ್ನು ಯಾರೂ ಕೇಳಲೇ ಇಲ್ಲ.

ಶಿಪ್‌ಮೆಂಟ್ ಒಂದು ವಾರ ಮೊದಲೇ ಹೋಯಿತೆಂದು ಮಾಲೀಕರು ಇಡೀ ಲೈನಿಗೆ ಭಾನುವಾರ ಮ್ಯಾಟಿನಿ ಟಿಕೆಟ್ ತೆಗೆಸಿದ್ದರು. ಯಾವ ಸಿನಿಮಾ ಎಂದು ಆರಿಸಿದವನು ಸೋಮಸುಂದರಂ. ಅವನು ಲೈನಿನ ಸೂಪರ್‌ವೈಸರ್. ನಲವತ್ತೈದರ ಆಸುಪಾಸು, ಹಣೆಯಲ್ಲಿ ವಿಭೂತಿ, ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವನು. ಹೆಂಗಸರೆಲ್ಲ ಅವನನ್ನು ‘ಅಣ್ಣ’ ಎನ್ನುತ್ತಿದ್ದರು.

ಥಿಯೇಟರಿನ ಹೊರಗೆ ಯಾವುದೋ ಚಾನೆಲ್ಲಿನವನು ಮೈಕ್ ಹಿಡಿದು ನಿಂತಿದ್ದ. ಹೊರಬಂದವರ ಮುಖಕ್ಕೆ ಮೈಕ್ ಒಡ್ಡಿ, ‘ಪಡಂ ಎಪ್ಪಡಿ ಇರುಕ್ಕು?’, ಸಿನಿಮಾ ಹೇಗಿದೆ, ಎಂದು ಕೇಳುತ್ತಿದ್ದ. ಒಬ್ಬ, ‘ಮರಣ ಮಾಸ್’ ಎಂದ. ಇನ್ನೊಬ್ಬ, ‘ಇನ್ನೂ ನಾಲ್ಕು ಕೈ ಕೊಯ್ಯಬೇಕಿತ್ತು’ ಎಂದು ನಕ್ಕ. ಸೋಮಸುಂದರಂ ಕರೆಯುವ ಮೊದಲೇ ಮುಂದೆ ಬಂದು ನಿಂತ. ಅವನ ಹಿಂದೆ ಅವನ ಲೈನಿನ ಹೆಂಗಸರು, ವ್ಯಾನ್ ಬರಲೆಂದು ಕಾಯುತ್ತಾ ಸಾಲಾಗಿ ನಿಂತಿದ್ದರು.

“ಪ್ರತಿಯೊಂದು ಹೆಣ್ಣುಮಗಳೂ ನೋಡಬೇಕಾದ ಪಡಂ ಇದು,” ಎಂದ ತಮಿಳಿನಲ್ಲಿ. “ನನ್ನ ಕೈ ಕೆಳಗೆ ಮೂವತ್ತು ಹೆಣ್ಣುಮಕ್ಕಳು ಕೆಲಸ ಮಾಡ್ತಾರೆ. ಎಲ್ಲರೂ ನನಗೆ ತಂಗಿಯರೇ. ಹೆಣ್ಣಿನ ಮೇಲೆ ಕೈ ಹಾಕುವವನ ಕೈಯನ್ನು ಹಾಗೆಯೇ ಕೊಯ್ಯಬೇಕು. ಪೊಲೀಸು, ಕೋರ್ಟು ಎಲ್ಲ ಆಮೇಲೆ.”

ಹೇಳುತ್ತಾ ಹೇಳುತ್ತಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಆ ಕಣ್ಣೀರು ನಿಜವಾದದ್ದು. ರಾಜಾಮಣಿಗೆ ಸಿಟ್ಟು ಬಂದದ್ದು ಅದಕ್ಕೇ. ನಾಟಕವಾಗಿದ್ದರೆ ಥೂ ಎಂದು ಬಿಟ್ಟುಬಿಡಬಹುದಿತ್ತು.

ಮೈಕ್ ಅವಳ ಕಡೆ ತಿರುಗಿತು. “ಅಕ್ಕಾ, ನಿಮಗೆ?”

“ನಲ್ಲಾ ಇರುಂದದುಂಗ,” ಎಂದಳು. ಚೆನ್ನಾಗಿತ್ತಂತೆ. ಬಾಯಿಂದ ಅದೇ ಬಂತು.

*

ಅವಳು ನೋಡಿದ್ದು ಕಳೆದ ತಿಂಗಳು ಹನ್ನೆರಡನೇ ತಾರೀಖು.

ತೆನ್ಮೊಳಿ ಅವಳ ಗಂಡನ ಅಕ್ಕನ ಮಗಳು. ಊರು ಕಿಣತ್ತುಕಡವು. ತಲೆಮಾರುಗಳಿಂದ ತಮಿಳು ಸೀಮೆಯಲ್ಲೇ ಇದ್ದರೂ ಇವರ ಮನೆಮಾತು ಕನ್ನಡ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿಯನ್ನು, ‘ನನ್ನ ಪಕ್ಕದಲ್ಲೇ ಇರ್ತಾಳೆ, ನಾನು ನೋಡ್ಕೊಳ್ತೀನಿ’ ಎಂದು ಅವಳ ಅಮ್ಮನಿಗೆ ಮಾತು ಕೊಟ್ಟು ಕಂಪನಿಗೆ ಕರೆತಂದವಳು ರಾಜಾಮಣಿ. ಕೆಲಸವನ್ನೂ ಅವಳೇ ಕಲಿಸಿದಳು. ಮೊದಲ ದಿನ ಹುಡುಗಿ ಟೀ ಶರ್ಟನ್ನು ಎದುರಿಗೆ ಹರಡಿಕೊಂಡು, “ಅತ್ತೆ, ಎಡಗಡೆ ತೋಳಲ್ಲಿ ಹೊಲಿಗೆ ಬಿಟ್ಟಿದೆ,” ಎಂದಾಗ ರಾಜಾಮಣಿ ಅವಳ ತಲೆಗೆ ಮೆಲ್ಲಗೆ ಕುಟ್ಟಿದ್ದಳು.

“ಎಡ ಅಲ್ಲ, ಬಲ. ನೀನು ಎದುರಿಗೆ ನಿಂತು ನೋಡ್ತಿದೀಯ, ನಿನಗೆ ಎಡ. ತೊಟ್ಟವರ ಕಡೆಯಿಂದ ಹೇಳ್ಬೇಕು. ಯಾವಾಗ್ಲೂ ತೊಟ್ಟವರ ಕಡೆಯಿಂದ.”

ಚೆಕಿಂಗ್ ಟೇಬಲ್ಲಿನ ಕೊನೆಗೆ ಲೇಬಲ್ ರೂಮು. ದಾರ, ಲೇಬಲ್ಲು, ಸ್ಟಿಕ್ಕರಿನ ಸುರುಳಿಗಳನ್ನು ಇಡುವ ಸಣ್ಣ ಕೋಣೆ, ಮೇಲಿನ ಅರ್ಧಕ್ಕೆ ಗಾಜು. ಅವತ್ತು ಬಾಣದ ಸುರುಳಿ ಮುಗಿದು ಹುಡುಗಿ ಒಳಗೆ ಹೋದಳು. ಹಿಂದೆಯೇ ಸೋಮಸುಂದರಂ ಹೋದ. ಗಾಜಿನಲ್ಲಿ ರಾಜಾಮಣಿಗೆ ಕಂಡದ್ದು ಇಷ್ಟು: ಅವನು ಹುಡುಗಿಯ ಕೈಯನ್ನು ಕಬ್ಬಿಣದ ರ್‍ಯಾಕಿಗೆ ಒತ್ತಿ ಹಿಡಿದಿದ್ದ. ಇನ್ನೊಂದು ಕೈ ಅವಳ ಬಾಯಿಯ ಮೇಲಿತ್ತು. ಆಮೇಲೆ ಬಾಯಿಯ ಮೇಲಿಂದ ಕೆಳಗೆ ಇಳಿಯಿತು. ತೆನ್ಮೊಳಿಯ ಕಣ್ಣು ಗಾಜಿನಾಚೆಗೆ ಬಂದು ನೇರ ಅತ್ತೆಯ ಕಣ್ಣಿಗೆ ತಗುಲಿತು.

ರಾಜಾಮಣಿ ಕೈಯಲ್ಲಿದ್ದ ಟೀ ಶರ್ಟನ್ನು ಒಳಮಗ್ಗುಲು ಮಾಡಿ ಬಗಲಿನ ಹೊಲಿಗೆ ನೋಡತೊಡಗಿದಳು. ಒಳ್ಳೆಯ ಹೊಲಿಗೆ. ಒಂದೇ ಒಂದು ತಪ್ಪು ಇರಲಿಲ್ಲ.

ಹುಡುಗಿ ಮಾರನೇ ದಿನವೇ ಆಫೀಸಿಗೆ ಹೋಗಿ ದೂರು ಬರೆದುಕೊಟ್ಟಳು. ‘ಅತ್ತೆ ನೋಡಿದ್ದಾರೆ’ ಎಂದೂ ಬರೆದಳು. ಆಫೀಸಿನವರು ಕರೆದು ಕೇಳಿದಾಗ, ರಾಜಾಮಣಿ, ‘ನಾನು ಏನನ್ನೂ ನೋಡಲಿಲ್ಲ’ ಎಂದು ಹೇಳಿ ಸಹಿ ಹಾಕಿದಳು. ಆ ವಾರವೇ ತೆನ್ಮೊಳಿ ಕಿಣತ್ತುಕಡವಿನ ಬಸ್ಸು ಹತ್ತಿದಳು. ಅಲ್ಲಿಂದ ಈಚೆಗೆ ಅವಳು ರಾಜಾಮಣಿಯ ಜೊತೆ ಒಂದು ಮಾತೂ ಆಡಿರಲಿಲ್ಲ.

*

ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ವಿಡಿಯೊ ಲೈನಿನ ಗ್ರೂಪಿಗೆ ಬಂತು. ಮಾರಿಮುತ್ತು ಫೋನನ್ನು ಲೋಟಕ್ಕೆ ಆನಿಸಿ ಇಟ್ಟು ನೋಡುತ್ತಿದ್ದ. ಅವನು ರಾಜಾಮಣಿಯ ಗಂಡ, ಕಂಪನಿಯ ವ್ಯಾನ್ ಓಡಿಸುವವನು; ಲೈನಿನವರನ್ನು ಥಿಯೇಟರಿಗೆ ಕರೆತಂದು ತಾನೂ ಕೂತು ಸಿನಿಮಾ ನೋಡಿದ್ದ. ಆ ಕೆಲಸ ಕೊಡಿಸಿದವನೂ ಸೋಮಸುಂದರಂ.

“ಬಾ ಇಲ್ಲಿ, ನೀನೂ ಬಂದಿದೀಯ,” ಎಂದ.

ಬಂದಿದ್ದಳು. ಸೋಮಸುಂದರಂನ ಎಡ ಭುಜದ ಹಿಂದೆ, ನೀಲಿ ಸೀರೆ. ಅವನು ‘ಎಲ್ಲರೂ ನನಗೆ ತಂಗಿಯರೇ’ ಎನ್ನುತ್ತಿದ್ದ, ಹಿಂದೆ ನಿಂತ ರಾಜಾಮಣಿ ತಲೆಯಾಡಿಸುತ್ತಿದ್ದಳು. ‘ಕೈಯನ್ನು ಹಾಗೆಯೇ ಕೊಯ್ಯಬೇಕು’ ಎನ್ನುತ್ತಿದ್ದ, ಹೌದು ಹೌದು ಎಂಬಂತೆ ಮತ್ತೆ ತಲೆಯಾಡಿಸುತ್ತಿದ್ದಳು. ತಲೆಯಾಡಿಸಿದ್ದು ಅವಳಿಗೆ ನೆನಪೇ ಇರಲಿಲ್ಲ. ಸೂಪರ್‌ವೈಸರ್ ಮಾತಾಡುವಾಗ ಹಿಂದೆ ನಿಂತವರ ತಲೆ ಆಡುತ್ತದೆ, ಹದಿನೇಳು ವರ್ಷದ ರೂಢಿ. ವಿಡಿಯೊದ ಕೆಳಗೆ ಜನ ಬರೆದಿದ್ದರು: ‘ಸರಿಯಾದ ಗಂಡಸು’, ‘ಇಂಥ ಅಣ್ಣ ಎಲ್ಲರಿಗೂ ಬೇಕು’, ಸಾಲು ಸಾಲು ಕೆಂಪು ಹೃದಯಗಳು, ಬೆಂಕಿಯ ಗೊಂಬೆಗಳು.

ಅವಳ ಸ್ವಂತ ಫೋನು ಗುಯ್ಯೆಂದಿತು. ತೆನ್ಮೊಳಿ. ಅದೇ ವಿಡಿಯೊ, ಅದರ ಕೆಳಗೆ ಒಂದು ವಾಯ್ಸ್ ಮೆಸೇಜು. ಒತ್ತಿದಳು.

“ಚೆನ್ನಾಗಿ ತಲೆ ಆಡಿಸ್ತೀಯ ಅತ್ತೆ.”

ಅಷ್ಟೇ. ಬೈಗುಳವೂ ಇಲ್ಲ, ಅಳುವೂ ಇಲ್ಲ. ಹಿಂದೆ ಎಲ್ಲೋ ಬಸ್ಸಿನ ಹಾರನ್ನು.

ಮಾರಿಮುತ್ತುವಿಗೂ ಕೇಳಿಸಿತ್ತು. ಅವನು ಫೋನನ್ನು ಲೋಟದಿಂದ ತೆಗೆದು ಜೇಬಿಗೆ ಹಾಕಿಕೊಂಡ.

“ನೀನು ವಿಸಿಲ್ ಹೊಡ್ದೆ,” ಎಂದಳು ರಾಜಾಮಣಿ.

“ಎಲ್ಲಾರೂ ಹೊಡ್ದ್ರು.”

“ಆ ಹುಡುಗಿ ನಿನ್ನ ಅಕ್ಕನ ಮಗಳು. ಎರಡು ಸೀಟು ಆಚೆ ಅವ್ನು ಹೊಡೀತಿದ್ದ, ಇಲ್ಲಿ ನೀನು ಹೊಡೀತಿದ್ದೆ. ಒಟ್ಟಿಗೆ. ಪಾಟ್ಟು ಹಾಡೋ ಹಾಗೆ.”

“ಪಡಂ ಪಡಂ ತಾನೆ. ಅದನ್ನ ತಂದು ಮನೇಲಿ ಇಟ್ಟು ಏನು ಮಾಡ್ತೀಯ? ಮೆಲ್ಲಗೆ ಮಾತಾಡು. ಪಕ್ಕದ ಮನೆಗೆ ಕೇಳ್ಸತ್ತೆ.”

“ಕನ್ನಡದಲ್ಲಿ ತಾನೆ ಬೈತಾ ಇದೀನಿ. ಅವ್ರಿಗೆ ಏನು ತಿಳಿಯತ್ತೆ?”

“ಹೆಸರು ತಿಳಿಯತ್ತಲ್ಲ.”

ಹೌದು, ಹೆಸರು ಎಲ್ಲ ಭಾಷೆಯಲ್ಲೂ ತಿಳಿಯುತ್ತದೆ. ಈ ಮನೆಯಲ್ಲಿ ಒಂದು ತಿಂಗಳಿಂದ ಆ ಹೆಸರು ಹೇಳದೆ ‘ಅವನು’, ‘ಅದು’, ‘ಆ ವಿಷಯ’ ಎಂದು ಮಾತಾಡಿ ಮಾತಾಡಿ ನಾಲಗೆ ಸವೆದಿತ್ತು.

“ಸೋಮಸುಂದರಂ,” ಎಂದಳು ರಾಜಾಮಣಿ. ಪಕ್ಕದ ಮನೆಯಲ್ಲಿ ಮಿಕ್ಸಿ ನಿಂತಿತು. ಇನ್ನೊಂದು ಸಲ ಹೇಳಿದಳು.

ಮಾರಿಮುತ್ತು ಎದ್ದು ಹೋಗಿ ಕದ ಹಾಕಿದ. “ತೈ ತಿಂಗಳಲ್ಲಿ ಅವಳಿಗೆ ಕಲ್ಯಾಣ ಅಂತಿದಾರೆ. ಇದು ಹೊರಗೆ ಬಂದ್ರೆ ಯಾವ ಮಾಪ್ಳೆ ಬರ್ತಾನೆ? ನಾವು ಬಾಯಿ ಬಿಡದೆ ಇದ್ದದ್ದು ಅವಳಿಗೋಸ್ಕರ.”

“ಅವಳು ಬಾಯಿ ಬಿಟ್ಟಳಲ್ಲ. ಹೆಸರು ಹಾಕಿ, ಕೈಯೆಳುತ್ತು ಹಾಕಿ, ಸಹಿ ಮಾಡಿ ಕೊಟ್ಟಳಲ್ಲ. ಮಾಪ್ಳೆ ಯೋಚನೆ ಅವಳಿಗೆ ಇರ್ಲಿಲ್ವಾ? ಅವ್ನು ಒಂದು ಸಲ ಅವಳ ಬಾಯಿ ಮುಚ್ದ. ಎರಡನೇ ಸಲ ಮುಚ್ಚಿದ್ದು ನಾನು. ನೀನು ಪಕ್ಕದಲ್ಲಿ ನಿಂತು ಬೆಳಕು ಹಿಡ್ದೆ.”

“ವ್ಯಾನ್ ಚಾವಿ ಕಿತ್ಕೊಂಡ್ರೆ ಏನು ಮಾಡ್ಲಿ? ಅದನ್ನೂ ಹೇಳ್ಬಿಡು.”

ರಾಜಾಮಣಿಗೆ ಇನ್ನೂ ಸಿಟ್ಟು ಬಂತು. ಅನ್ನದ ಪಾತ್ರೆಯನ್ನು ಅವನ ಮುಂದೆ ಇಟ್ಟಳೋ, ಕುಕ್ಕಿದಳೋ; ಅವನು ಬಡಿಸಿಕೊಂಡು ಉಂಡ.

*

ಸೋಮವಾರ ಬೆಳಿಗ್ಗೆ ಸೋಮಸುಂದರಂ ಟೇಬಲ್ಲಿನಿಂದ ಟೇಬಲ್ಲಿಗೆ ಫೋನು ಹಿಡಿದುಕೊಂಡು ಬಂದ. ಮದುವೆ ಪತ್ರಿಕೆ ಹಂಚುವವನ ಹಾಗೆ.

“ನೋಡಮ್ಮಿಣಿ,” ಎಂದ, ತಂಗಿಯನ್ನು ಅಕ್ಕರೆಯಿಂದ ಕರೆಯುವವನ ಹಾಗೆ. “ನಲವತ್ತು ಸಾವಿರ ಜನ ನೋಡಿದ್ದಾರೆ. ನೀನೂ ಇದ್ದೀಯ, ಇಲ್ಲಿ. ಮುಖ ಎಷ್ಟು ಕಳೆಯಾಗಿ ಬಂದಿದೆ.”

“ಆಮಾಂಗಣ್ಣ,” ಹೌದಣ್ಣ, ಎಂದಳು ರಾಜಾಮಣಿ. ತಲೆ ಮತ್ತೆ ಆಡಲು ಹೊರಟಿತ್ತು. ಕತ್ತಿನ ನರ ಬಿಗಿಹಿಡಿದು ಅದನ್ನು ನಿಲ್ಲಿಸಿದಳು. ಒಂದು ತಲೆಯನ್ನು ಆಡದಂತೆ ನಿಲ್ಲಿಸುವುದಕ್ಕೆ ಇಷ್ಟು ಬಲ ಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಹತ್ತು ಗಂಟೆಯ ಟೀ ಗಂಟೆ ಹೊಡೆಯಲು ಇನ್ನೂ ಕಾಲು ಗಂಟೆ ಇರುವಾಗ, ಕೈಯಲ್ಲಿದ್ದ ಪೀಸನ್ನು ಅರ್ಧಕ್ಕೇ ಬಿಟ್ಟು ಅವಳು ಆಫೀಸಿನ ಮೆಟ್ಟಿಲು ಹತ್ತಿದಳು. ಬೆರಳ ತುದಿಯಲ್ಲಿ ಒಂದು ಬಾಣ ಅಂಟಿಕೊಂಡೇ ಇತ್ತು.

ದೂರುಗಳ ಫೈಲು ನೋಡಿಕೊಳ್ಳುತ್ತಿದ್ದವಳು ಚೈತನ್ಯಾ. ದಾವಣಗೆರೆಯ ಹುಡುಗಿ, ಕೆಲಸಕ್ಕೆಂದು ಬಂದು ಎರಡು ವರ್ಷವಾಗಿತ್ತು. ರಾಜಾಮಣಿಯ ಬಾಯಲ್ಲಿ ಕನ್ನಡ ಕೇಳಿದ ಮೊದಲ ದಿನ, ‘ನೀವೂ ನಮ್ಮವರಾ’ ಎಂದು ಕುಣಿದಾಡಿದ್ದಳು. ರಾಜಾಮಣಿಗೆ ಕನ್ನಡ ಓದಲು ಬರದೆಂದು ತಿಳಿದು ಬೇಸರವನ್ನೂ ಪಟ್ಟಿದ್ದಳು.

“ಬನ್ನಿ ರಾಜಾಮಣಿ ಅವರೇ. ನಿಮ್ಮ ವಿಡಿಯೊ ನೋಡಿದೆ. ಸೋಮಸುಂದರಂ ಅವರು ಎಷ್ಟು ಚೆನ್ನಾಗಿ ಮಾತಾಡಿದ್ದಾರೆ ಅಲ್ವಾ? ನಾನೂ ಹೋಗ್ಬೇಕು ಆ ಸಿನಿಮಾಗೆ. ಹೇಗಿದೆ?”

“ಕಿಟಕಿ ಮುಚ್ಚಿದವಳನ್ನ ಬಿಟ್ಟುಬಿಟ್ರು ಮೇಡಂ.”

“ಯಾರನ್ನ?”

“ಒಬ್ಳಿದಾಳೆ. ನೀವು ಹೋದಾಗ ನೋಡಿ. ನನ್ನ ಪೇಪರ್ ತೆಗೀರಿ. ಹೋದ ತಿಂಗಳು ನಾನು ಕೈಯೆಳುತ್ತು ಹಾಕಿದ್ದು.”

ಚೈತನ್ಯಾಳ ಮುಖದ ನಗು ಮೆಲ್ಲಗೆ ಒಳಗೆ ಹೋಯಿತು. “ಆ ಫೈಲ್ ಮುಗಿದಿದೆ. ಸಾಕ್ಷಿ ಇಲ್ಲ ಅಂತ ಬರೆದು ಮುಗಿಸಿದ್ದೀವಿ.”

“ಅದಕ್ಕೇ ತೆಗೀರಿ ಅಂತಿರೋದು.”

ತೆಗೆದಳು. ತಮಿಳಿನಲ್ಲಿ ಟೈಪ್ ಮಾಡಿದ ನಾಲ್ಕು ಸಾಲು. ಕೆಳಗೆ ರಾಜಾಮಣಿ ಎಂದು ದುಂಡು ದುಂಡಾದ ತಮಿಳು ಅಕ್ಷರ. ಅವಳು ಬಗ್ಗಿ, ಬೆರಳ ತುದಿಯ ಕೆಂಪು ಬಾಣವನ್ನು ಹಾಳೆಗೆ ಒತ್ತಿದಳು. ಬಾಣದ ಮೂತಿ ಅವಳ ಹೆಸರಿನ ಮೊದಲ ಅಕ್ಷರವನ್ನು ಸರಿಯಾಗಿ ಮುಟ್ಟಿತ್ತು.

“ಏನಿದು?”

“ಪಾಸ್ ಮಾಡಿದ್ದು ನಾನು. ತಪ್ಪಿದೆ. ವಾಪಸ್ ತಗೊಳ್ತೀನಿ.”

“ರಾಜಾಮಣಿ ಅವರೇ, ಇದು ಟೀ ಶರ್ಟ್ ಅಲ್ಲ.”

“ಟೀ ಶರ್ಟ್ ಆಗಿದ್ರೆ ನಾನು ಒಂದು ತಿಂಗಳು ಬಿಡ್ತಿದ್ನಾ?”

ಚೈತನ್ಯಾ ಎದ್ದು ಬಾಗಿಲು ಹಾಕಿದಳು. ಈ ಎರಡು ದಿನದಲ್ಲಿ ತನ್ನ ಮಾತು ಕೇಳಿ ಕದ ಹಾಕಿದವರಲ್ಲಿ ಇವಳು ಎರಡನೆಯವಳು ಎಂದುಕೊಂಡಳು ರಾಜಾಮಣಿ.

“ನೋಡಿ, ಮೊದಲು ಇಲ್ಲ ಅಂದು ಈಗ ಹೌದು ಅಂದ್ರೆ ನಿಮ್ಮನ್ನೇ ಕೇಳ್ತಾರೆ. ಸುಳ್ಳು ಹೇಳಿಕೆ ಕೊಟ್ರಿ ಅಂತ ನಿಮ್ಮ ಮೇಲೇ ಬರಬಹುದು. ನಿಮ್ಮ ಯಜಮಾನ್ರು ಬೇರೆ ಇಲ್ಲೇ ಕೆಲಸದಲ್ಲಿದ್ದಾರೆ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

“ಹೋದ ತಿಂಗಳೂ ನನ್ನ ಒಳ್ಳೇದಕ್ಕೇ ಹೇಳಿದ್ರಿ. ‘ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರೀರಿ, ತೊಂದ್ರೆ ಇಲ್ಲ’ ಅಂತ. ಕನ್ನಡದಲ್ಲಿ ಹೇಳಿದ್ರಿ, ಅದಕ್ಕೇ ಇನ್ನೂ ಹಿತವಾಗಿ ಇತ್ತು. ಹಾಳೆ ಕೊಡ್ತೀರಾ, ಕೆಳಗೆ ಬಯ್ಯರ್ ಕಡೆಯವರು ಬಂದು ಕೂತಿದಾರೆ, ಅವ್ರ ಹತ್ರ ಕೇಳ್ಲಾ?”

ಚೈತನ್ಯಾಳ ಕಿವಿ ಕೆಂಪಾಯಿತು. ಆಮೇಲೆ ಅವಳು ಡ್ರಾಯರಿನಿಂದ ಬಿಳಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ತೆಗೆದು ಮುಂದಿಟ್ಟಳು. “ಟೈಪ್ ಮಾಡಿಸೋದು ಬೇಡ,” ಎಂದಳು ತಗ್ಗಿದ ದನಿಯಲ್ಲಿ. “ನಿಮ್ಮ ಕೈಯಲ್ಲೇ ಬರೀರಿ. ಮೇಲೆ ಇವತ್ತಿನ ತಾರೀಖು, ಟೈಮು ಹಾಕಿ. ನಾನು ಪಡೆದುಕೊಂಡೆ ಅಂತ ಸಹಿ ಹಾಕ್ತೀನಿ. ಫೋಟೊ ತಕ್ಕೊಳ್ಳಿ.”

ರಾಜಾಮಣಿ ತಮಿಳಿನಲ್ಲಿ ಬರೆದಳು. ತಾರೀಖು, ಲೇಬಲ್ ರೂಮು, ಗಾಜು. ತಾನು ಎಷ್ಟು ದೂರದಲ್ಲಿದ್ದೆ. ಅವನು ಹುಡುಗಿಯ ಎಡಗೈಯನ್ನು ಮೂರನೇ ರ್‍ಯಾಕಿಗೆ ಒತ್ತಿ ಹಿಡಿದಿದ್ದ. ಇನ್ನೊಂದು ಕೈ ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿತ್ತು. ಆ ಸಾಲು ಬರೆಯುವಾಗ ಪೆನ್ನು ಹಾಳೆ ಹರಿಯುವಷ್ಟು ಒತ್ತಿತು. ಕೊನೆಗೆ, ಯಾರೂ ಕೇಳದಿದ್ದರೂ, ಇನ್ನೊಂದು ಸಾಲು ಸೇರಿಸಿದಳು: ಹುಡುಗಿ ನನ್ನನ್ನು ನೋಡಿದಳು, ನಾನು ತಲೆ ತಗ್ಗಿಸಿದೆ.

ಫೋಟೊ ತೆಗೆದು ತೆನ್ಮೊಳಿಗೆ ಕಳಿಸಿದಳು. ಏನನ್ನೂ ಬರೆಯಲಿಲ್ಲ. ಕ್ಷಮಿಸು ಎಂದು ಬರೆಯಲು ಹೊರಟು, ಆ ಮಾತೂ ತಲೆಯಾಡಿಸಿದ ಹಾಗೆ ಕಂಡು, ಅಳಿಸಿದಳು.

ಕೆಳಗೆ ಇಳಿದಾಗ ಟೀ ಮುಗಿದು ಮಷೀನುಗಳು ಮತ್ತೆ ಶುರುವಾಗಿದ್ದವು. ಸೋಮಸುಂದರಂ ಅವಳ ಟೇಬಲ್ಲಿನ ಹತ್ತಿರವೇ ನಿಂತಿದ್ದ.

“ಎಲ್ಲಿ ಹೋಗಿದ್ದೆ ಅಮ್ಮಿಣಿ?”

“ಆಫೀಸಿಗೆ.”

“ಏನು ವಿಷಯ?”

“ನನ್ನ ಪೀಸು ಒಂದು ವಾಪಸ್ ಬಂತು.”

“ನಿನ್ನದಾ?” ಅವನು ಮನಸಾರೆ ನಕ್ಕ. “ಹದಿನೇಳು ವರ್ಷದಲ್ಲಿ ಮೊದಲ ಸಲ ಇರಬೇಕು. ಏನು ತಪ್ಪು?”

“ಬರ್ತಾರೆ. ನಿಮಗೇ ತೋರಿಸ್ತಾರೆ.”

ಅವನ ನಗು ಪೂರ್ತಿ ನಿಲ್ಲಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಅವನು ತಲೆ ಎತ್ತಿ ಆಫೀಸಿನ ಮೆಟ್ಟಿಲ ಕಡೆ ನೋಡಿದ. ಮತ್ತೆ ಇವಳನ್ನು ನೋಡಿದ. ರಾಜಾಮಣಿ ಟೀ ಶರ್ಟೊಂದನ್ನು ಎಳೆದುಕೊಂಡು ತೋಳು ನೋಡತೊಡಗಿದಳು. ಹೆದರಿಕೆಯೂ ಇತ್ತು, ಇಲ್ಲವೆನ್ನುವುದು ಸುಳ್ಳು. ಹೆದರಿಕೆಗಿಂತ ಸಿಟ್ಟು ಒಂದು ಕೈ ಮೇಲಿತ್ತು, ಅಷ್ಟೇ.

ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ನಡುಗಿತು. ಅವನು ಇನ್ನೂ ಅಲ್ಲೇ ಇದ್ದ. ಅವನ ಎದುರಿಗೇ ತೆಗೆದು ನೋಡಿದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮನೆಯ ಕನ್ನಡ, ತೆನ್ಮೊಳಿಯದು:

‘ಎಡಗೈ ಅಲ್ಲ ಅತ್ತೆ. ಬಲಗೈ. ನೀನು ಎದುರಿಂದ ನೋಡಿದೀಯ. ತೊಟ್ಟವರ ಕಡೆಯಿಂದ ಬರಿ. ತಿದ್ದಿ ಕಳ್ಸು.’

ರಾಜಾಮಣಿ ಎರಡು ಸಲ ಓದಿದಳು. ಸುರುಳಿಯಿಂದ ಒಂದು ಬಾಣ ಕಿತ್ತುಕೊಂಡಳು. ಸೋಮಸುಂದರಂ ದಾರಿಗೆ ಅಡ್ಡ ನಿಂತಿದ್ದ.

“ಸ್ವಲ್ಪ ಸರಿಯಿರಿ,” ಎಂದಳು. ಅಣ್ಣ ಎನ್ನಲಿಲ್ಲ. ಅವನು ಸರಿದ. ಅವಳು ಮತ್ತೆ ಮೆಟ್ಟಿಲು ಹತ್ತಿದಳು.